ಸಿಮ್ಯುಲೇಶನ್, ಗೇಮ್ ಇಟ್ಕೊಂಡು ಪಾಠ ಮಾಡೋದು ಹೇಗೆ? ಮೊದಲ ಸಲ ಮಾಡೋರಿಗೆ ಒಂದೊಂದೇ ಹೆಜ್ಜೆ

ಟೀಚರ್‌ಗಳು, ಟ್ಯೂಶನ್ ಹೇಳೋರು, ಮನೇಲಿ ಮಕ್ಕಳನ್ನ ಕೂರಿಸ್ಕೊಂಡು ಓದಿಸೋ ಅಪ್ಪ ಅಮ್ಮಂದಿರು, ಎಲ್ಲರೂ ಕೇಳೋದು ಒಂದೇ: ಒಳ್ಳೇ ಸಿಮ್ಯುಲೇಶನ್ ಯಾವುದಿದೆ, ಲಿಂಕ್ ಕಳ್ಸಿ. ಲಿಂಕ್ ಕಳ್ಸೋದು ಕಷ್ಟ ಅಲ್ಲ, ಬೇಕಾದಷ್ಟು ಕಳ್ಸಿದೀನಿ. ಎರಡು ವಾರ ಬಿಟ್ಟು ಅವರೇ ಬಂದು "ಮಕ್ಕಳು ಖುಷಿಯಾಗೇನೋ ಆಡಿದ್ರು, ಆಮೇಲೆ ಏನು ಕಲ್ತ್ರಿ ಅಂದ್ರೆ ಮುಖ ಮುಖ ನೋಡ್ಕೊಂಡ್ರು" ಅಂತಾರೆ. ಇದನ್ನ ಒಬ್ಬೊಬ್ಬರಿಗೇ ಉತ್ತರಿಸಿ ಸಾಕಾಗಿ ಈ ಸಲ ಪೂರ್ತಿ ಬರೆದು ಇಡ್ತಿದೀನಿ. ಮೊದಲೇ ಹೇಳಿಬಿಡ್ತೀನಿ, ಲಿಂಕ್ ಇಲ್ಲಿ ಅರ್ಧ ಕೆಲಸಾನೂ ಅಲ್ಲ, ಮಗು ಮೌಸ್ ಮುಟ್ಟೋ ಮುಂಚೆ ನೀವು ಏನು ಕೇಳಿದ್ರಿ ಮತ್ತು ಮೌಸ್ ಬಿಟ್ಟ ಮೇಲೆ ಏನು ಮಾತಾಡಿಸಿದ್ರಿ ಅನ್ನೋದರಲ್ಲೇ ಪಾಠ ಇರೋದು.

ಮೊದಲು ಒಂದೆರಡು ಪದ

ಸಿಮ್ಯುಲೇಶನ್ ಅಂದ್ರೆ ನಿಜವಾದ ಒಂದು ವಸ್ತು ಅಥವಾ ವ್ಯವಸ್ಥೆ ಹೇಗೆ ನಡ್ಕೊಳ್ಳತ್ತೋ ಹಾಗೇ ನಡ್ಕೊಳ್ಳೋ ನಕಲು. ಕಂಪ್ಯೂಟರ್‌ಗಿಂತ ಹಳೇ ವಿಚಾರ ಇದು, 1929ರಲ್ಲೇ ಎಡ್ವಿನ್ ಲಿಂಕ್ ಅನ್ನೋರು ನೆಲದ ಮೇಲೇ ಕೂತು ವಿಮಾನ ಹಾರಿಸೋದು ಕಲಿಯೋ ಯಂತ್ರ ಮಾಡಿದ್ರು. ಇದರಲ್ಲಿ ಮುಖ್ಯ ಏನಂದ್ರೆ ನೀವು ಏನಾದ್ರೂ ಬದಲಾಯಿಸಿದ್ರೆ ಫಲಿತಾಂಶಾನೂ ಬದಲಾಗ್ಬೇಕು. ಬರೀ ಪ್ಲೇ ಬಟನ್ ಒತ್ತಿ ನೋಡೋದಾದ್ರೆ ಅದು ಆನಿಮೇಶನ್, ಸಿಮ್ಯುಲೇಶನ್ ಅಲ್ಲ. ಎಷ್ಟೋ ಕಡೆ ಆನಿಮೇಶನ್‌ಗೇ ಸಿಮ್ಯುಲೇಶನ್ ಅಂತ ಹೆಸರು ಹಚ್ಚಿರ್ತಾರೆ, ಹುಷಾರು.

ಎಜುಕೇಶನಲ್ ಗೇಮ್ ಅಂದ್ರೆ ಗುರಿ, ನಿಯಮ, ಸೋಲು ಗೆಲುವು ಇರೋ ಆಟ, ಅದರ ಜೊತೆ ಕಲಿಕೆ. ಇನ್ನೊಂದು ಪದ ಗೇಮಿಫಿಕೇಶನ್, ಅಂದ್ರೆ ಮಾಮೂಲಿ ಪಾಠಕ್ಕೇ ಪಾಯಿಂಟು, ಬ್ಯಾಡ್ಜು, ಸ್ಟಾರು ಅಂಟಿಸೋದು. ಇವೆರಡೂ ಒಂದೇ ಅಲ್ಲ. ಈ ಬರಹದಲ್ಲಿ ಗೇಮಿಫಿಕೇಶನ್ ಬಗ್ಗೆ ಹೇಳಲ್ಲ, ನನಗೆ ಅದರ ಮೇಲೆ ಅಷ್ಟು ನಂಬಿಕೇನೂ ಇಲ್ಲ.

ಏನೇನು ಬೇಕು

ನೀವು ಅಂದ್ಕೊಂಡಿರೋದಕ್ಕಿಂತ ಕಮ್ಮಿ. ಬ್ರೌಸರ್ ಇರೋ ಒಂದು ಲ್ಯಾಪ್‌ಟಾಪ್ ಅಥವಾ ಟ್ಯಾಬ್ ಅಥವಾ ದೊಡ್ಡ ಫೋನು. ಕ್ಲಾಸ್ ಆದ್ರೆ ಪ್ರೊಜೆಕ್ಟರ್ ಅಥವಾ ದೊಡ್ಡ ಟಿವಿ ಇದ್ರೆ ಒಳ್ಳೇದು. ಪ್ರತಿ ಮಗುವಿಗೂ ಒಂದು ಪೇಪರ್, ಒಂದು ಪೆನ್, ಇವೆರಡು ಮಾತ್ರ ತಪ್ಪಿಸೋ ಹಾಗಿಲ್ಲ, ಯಾಕೆ ಅಂತ ಆಮೇಲೆ ಗೊತ್ತಾಗತ್ತೆ. ಒಬ್ಬೊಬ್ಬರಿಗೂ ಒಂದೊಂದು ಕಂಪ್ಯೂಟರ್ ಬೇಕಾಗಿಲ್ಲ, ಇದ್ರೂ ಇಬ್ಬಿಬ್ಬರಿಗೆ ಒಂದು ಕೊಡೋದೇ ವಾಸಿ.

ಸಾಮಗ್ರಿ ವಿಷಯಕ್ಕೆ ಬಂದ್ರೆ ನಾನು ಮತ್ತೆ ಮತ್ತೆ ಹೋಗೋ ಜಾಗ ಐದಾರೇ. ವಿಜ್ಞಾನ, ಗಣಿತಕ್ಕೆ ಫೆಟ್ (PhET), ಅಮೆರಿಕದ ಕೊಲೊರಾಡೋ ಯೂನಿವರ್ಸಿಟಿ ಬೌಲ್ಡರ್‌ನಲ್ಲಿ 2002ರಲ್ಲಿ ಶುರುವಾದ ಯೋಜನೆ, ಶುರು ಮಾಡಿದ್ದು 2001ರಲ್ಲಿ ಭೌತಶಾಸ್ತ್ರದ ನೊಬೆಲ್ ಪಡೆದ ಕಾರ್ಲ್ ವೀಮನ್. ಪೂರ್ತಿ ಫ್ರೀ, ಲಾಗಿನ್ ಕೂಡ ಬೇಡ, ಕನ್ನಡಕ್ಕೆ ಅನುವಾದ ಆಗಿರೋ ಸಿಮ್ಯುಲೇಶನ್‌ಗಳೂ ಅದರಲ್ಲಿವೆ. ಜ್ಯಾಮಿತಿ, ಗ್ರಾಫ್‌ಗೆ ಜಿಯೋಜೀಬ್ರಾ. ಆಕಾಶ ನೋಡೋಕೆ ಸ್ಟೆಲ್ಲೇರಿಯಂ. ಕಾಡು, ಪ್ರಾಣಿ, ರೋಗ ಹರಡೋದು ಇಂಥ ದೊಡ್ಡ ವ್ಯವಸ್ಥೆಗಳಿಗೆ ನೆಟ್‌ಲೋಗೋ. ಚಿಕ್ಕ ಮಕ್ಕಳಿಗೆ ಜಿಕಾಂಪ್ರಿ. ಮಕ್ಕಳೇ ಗೇಮ್ ಮಾಡ್ಬೇಕು ಅಂದ್ರೆ ಅಮೆರಿಕದ ಎಂಐಟಿ ಯೂನಿವರ್ಸಿಟಿಯಲ್ಲಿ ಹುಟ್ಟಿದ ಸ್ಕ್ರ್ಯಾಚ್. ಇಷ್ಟರಲ್ಲೇ ಒಂದು ವರ್ಷ ತಳ್ಳಬಹುದು, ಹೊಸ ಹೊಸದು ಹುಡುಕ್ತಾ ರಾತ್ರಿ ನಿದ್ದೆ ಕೆಡಬೇಡಿ.

ಹೆಜ್ಜೆ 1: ಸಿಮ್ಯುಲೇಶನ್ ಅಲ್ಲ, ಒಂದು ಪ್ರಶ್ನೆ ಆರಿಸ್ಕೊಳ್ಳಿ

ಎಲ್ಲರೂ ಉಲ್ಟಾ ಮಾಡೋದು ಇಲ್ಲೇ. ಚೆಂದದ ಸಿಮ್ಯುಲೇಶನ್ ಕಣ್ಣಿಗೆ ಬಿತ್ತು, ಇದನ್ನ ಎಲ್ಲಾದ್ರೂ ತುರುಕೋಣ ಅಂತ ಪಾಠ ಹುಡುಕ್ತಾರೆ. ಹಾಗಲ್ಲ, ನಿಮ್ಮ ಮಕ್ಕಳು ಪ್ರತಿ ವರ್ಷ ಎಲ್ಲಿ ಎಡವ್ತಾರೆ ಅಂತ ನಿಮಗೆ ಗೊತ್ತಿರತ್ತಲ್ಲ, ಅಲ್ಲಿಂದ ಶುರು ಮಾಡಿ. ಉದಾಹರಣೆಗೆ ಎರಡು ಒಂದೇ ಥರದ ಬಲ್ಬನ್ನ ಒಂದರ ಹಿಂದೆ ಒಂದು ಜೋಡಿಸಿದ್ರೆ, ಅಂದ್ರೆ ಸರಣಿ ಜೋಡಣೇಲಿ, ಮೊದಲನೇ ಬಲ್ಬು ಕರೆಂಟನ್ನ ತಿಂದುಬಿಡತ್ತೆ, ಎರಡನೇದು ಮಂಕಾಗಿ ಉರಿಯತ್ತೆ ಅಂತ ತುಂಬಾ ಮಕ್ಕಳು ನಂಬಿರ್ತಾರೆ. ನಿಜದಲ್ಲಿ ಎರಡೂ ಒಂದೇ ಥರ ಉರಿಯತ್ತೆ. ಇದೇ ನಿಮ್ಮ ಪ್ರಶ್ನೆ. "ವಿದ್ಯುತ್ ಅಧ್ಯಾಯ" ಅನ್ನೋದು ಪ್ರಶ್ನೆ ಅಲ್ಲ, ಅದು ಪುಸ್ತಕದ ಹೆಡ್ಡಿಂಗು.

ಆಮೇಲೆ ನಿಮ್ಮನ್ನೇ ಕೇಳ್ಕೊಳ್ಳಿ, ಇದಕ್ಕೆ ಸಿಮ್ಯುಲೇಶನ್ ಬೇಕಾ? ಒಂದು ದಾರಕ್ಕೆ ಕಲ್ಲು ಕಟ್ಟಿ ತೋರಿಸಬಹುದಾದ್ರೆ ಮೊದಲು ಕಲ್ಲೇ ಕಟ್ಟಿ. ಕಣ್ಣಿಗೆ ಕಾಣ್ದೇ ಇರೋದು (ಅಣು, ಎಲೆಕ್ಟ್ರಾನ್), ತುಂಬಾ ನಿಧಾನ ಅಥವಾ ತುಂಬಾ ಬೇಗ ಆಗೋದು, ಅಪಾಯದ್ದು, ಇಲ್ಲಾ ನೂರು ಸಲ ಮಾಡಿ ನೋಡ್ಬೇಕಾದ್ದು, ಇಂಥದ್ದಕ್ಕೆ ಸಿಮ್ಯುಲೇಶನ್ ನಿಜವಾಗ್ಲೂ ಕೆಲಸಕ್ಕೆ ಬರತ್ತೆ.

ಹೆಜ್ಜೆ 2: ಹಿಂದಿನ ದಿನ ನೀವೇ ಅರ್ಧ ಗಂಟೆ ಆಡಿ

ನೋಡಿ ಅಲ್ಲ, ಆಡಿ. ಎಲ್ಲಾ ಬಟನ್ ಒತ್ತಿ, ಎಲ್ಲಾ ಸ್ಲೈಡರ್ ಎಳೀರಿ. ಸ್ಲೈಡರ್ ಅಂದ್ರೆ ಆ ಕಡೆ ಈ ಕಡೆ ಜರುಗಿಸಿ ಬೆಲೆ ಹೆಚ್ಚು ಕಮ್ಮಿ ಮಾಡೋ ಗುಂಡಿ. ಬೇಕಂತಲೇ ಕೆಡಿಸೋಕೆ ಟ್ರೈ ಮಾಡಿ, ಯಾಕಂದ್ರೆ ಮಕ್ಕಳು ಮಾಡೋ ಮೊದಲ ಕೆಲಸಾನೇ ಅದು. ಫೆಟ್‌ನ ಸರ್ಕ್ಯೂಟ್ ಕಿಟ್‌ನಲ್ಲಿ ಬ್ಯಾಟರಿಯ ಎರಡೂ ತುದಿಗೆ ಬರೀ ವೈರ್ ಜೋಡಿಸಿದ್ರೆ ಬ್ಯಾಟರಿಗೆ ಬೆಂಕಿ ಹತ್ಕೊಳ್ಳತ್ತೆ, ಇಡೀ ಕ್ಲಾಸು ಅದನ್ನೇ ಹತ್ತು ನಿಮಿಷ ಮಾಡತ್ತೆ. ಮೊದಲೇ ಗೊತ್ತಿದ್ರೆ ನೀವು ಬೈಯ್ಯಲ್ಲ, "ಯಾಕೆ ಹತ್ತಿತು ಹೇಳಿ ನೋಡಣ" ಅಂತ ಅದನ್ನೇ ಶಾರ್ಟ್ ಸರ್ಕ್ಯೂಟ್ ಪಾಠ ಮಾಡ್ಕೋತೀರ.

ಇಲ್ಲೇ ಟೆಕ್ನಿಕಲ್ ತಾಪತ್ರಯಗಳನ್ನೂ ಮುಗಿಸಿಕೊಳ್ಳಿ. ಹಳೇ ಲಿಂಕ್‌ಗಳಲ್ಲಿ ಎಷ್ಟೋ ಫ್ಲ್ಯಾಶ್ ಅನ್ನೋ ಹಳೇ ಸಾಫ್ಟ್‌ವೇರ್‌ನಲ್ಲಿ ಮಾಡಿದ್ದು, 2020ರ ಕೊನೆಗೆ ಫ್ಲ್ಯಾಶ್ ನಿಂತು ಹೋಯ್ತು, ಹಾಗಾಗಿ ಅವು ಬ್ರೌಸರ್‌ನಲ್ಲಿ ತೆರೆಯಲ್ಲ, ನಿಮ್ಮ ಕಂಪ್ಯೂಟರ್ ಕೆಟ್ಟಿಲ್ಲ. ಎಚ್‌ಟಿಎಂಎಲ್ 5 ಅಂತ ಇರೋದನ್ನೇ ತಗೊಳ್ಳಿ, ಅದಕ್ಕೆ ಬೇರೆ ಏನೂ ಇನ್‌ಸ್ಟಾಲ್ ಬೇಡ. ನೆಟ್ ನಂಬೋ ಹಾಗಿಲ್ಲ ಅಂದ್ರೆ ಫೆಟ್‌ನ ಒಂದೊಂದು ಸಿಮ್ಯುಲೇಶನ್ನೂ ಒಂದೇ ಫೈಲ್ ಆಗಿ ಡೌನ್‌ಲೋಡ್ ಆಗತ್ತೆ, ಪೆನ್‌ಡ್ರೈವ್‌ಗೆ ಹಾಕ್ಕೊಂಡು ಹೋದ್ರೆ ನೆಟ್ ಇಲ್ದೆ ನಡೆಯತ್ತೆ. ಇಡೀ ಶಾಲೆಗೇ ನೆಟ್ ಇಲ್ಲ ಅನ್ನೋ ಕಡೆಗೆ ಕೊಲಿಬ್ರಿ ಅನ್ನೋ ಫ್ರೀ ಸಾಫ್ಟ್‌ವೇರ್ ಇದೆ, ಒಂದು ಕಂಪ್ಯೂಟರ್‌ಗೆ ಸಾಮಗ್ರಿ ತುಂಬಿಟ್ರೆ ಒಳಗಿನ ವೈಫೈ ಮೂಲಕವೇ ಉಳಿದವರೆಲ್ಲ ನೋಡಬಹುದು.

ಮತ್ತೆ ಅಕೌಂಟ್ ವಿಷಯ. ಮಕ್ಕಳ ಹೆಸರು, ಹುಟ್ಟಿದ ದಿನ, ಫೋಟೋ ಕೇಳೋ ಆಪ್ ಕಂಡ್ರೆ ಅಲ್ಲೇ ಬಿಟ್ಟು ಮುಂದೆ ಹೋಗಿ. 13 ವರ್ಷದ ಒಳಗಿನವರು ಸ್ವಂತ ಅಕೌಂಟ್ ಮಾಡೋ ಹಾಗಿಲ್ಲ ಅಂತ ತುಂಬಾ ಸೈಟ್‌ಗಳ ನಿಯಮದಲ್ಲೇ ಇರತ್ತೆ, ನಾವು ಓದದೆ ಓಕೆ ಒತ್ತಿರ್ತೀವಿ ಅಷ್ಟೆ.

ಹೆಜ್ಜೆ 3: ಮುಟ್ಟೋ ಮುಂಚೆ ಊಹೆ ಬರೆಸಿ

ಇಡೀ ಲೇಖನದಲ್ಲಿ ಒಂದೇ ಒಂದು ಹೆಜ್ಜೆ ಪಾಲಿಸ್ತೀನಿ ಅಂದ್ರೆ ಇದನ್ನ ಪಾಲಿಸಿ.

ಲೋಲಕದ ಪಾಠ ಅಂದ್ಕೊಳ್ಳಿ, ಅಂದ್ರೆ ದಾರಕ್ಕೆ ಕಟ್ಟಿದ ಗುಂಡು ಆ ಕಡೆ ಈ ಕಡೆ ತೂಗೋದು. ಫೆಟ್‌ನ ಲೋಲಕದ ಸಿಮ್ಯುಲೇಶನ್ ತೆರೆದಿಡಿ, ಆದ್ರೆ ಯಾರೂ ಮುಟ್ಟೋ ಹಾಗಿಲ್ಲ. ಮೂರು ಪ್ರಶ್ನೆ ಬೋರ್ಡ್ ಮೇಲೆ ಬರೀರಿ. ಗುಂಡು ಭಾರ ಮಾಡಿದ್ರೆ ಒಂದು ಸಲ ಹೋಗಿ ಬರೋಕೆ ಟೈಮ್ ಜಾಸ್ತಿ ಹಿಡಿಯತ್ತಾ, ಕಮ್ಮಿನಾ, ಅಷ್ಟೇನಾ? ದಾರ ಉದ್ದ ಮಾಡಿದ್ರೆ? ಚಂದ್ರನ ಮೇಲೆ ತಗೊಂಡು ಹೋದ್ರೆ? ಪ್ರತಿಯೊಬ್ಬರೂ ಪೇಪರ್ ಮೇಲೆ, ಪೆನ್ನಲ್ಲಿ, ಪಕ್ಕದವರದ್ದು ನೋಡದೆ ಬರೀಬೇಕು, ಜೊತೆಗೆ ಯಾಕೆ ಅಂತ ಅರ್ಧ ಸಾಲು.

ಪೆನ್ನಲ್ಲೇ ಯಾಕೆ ಅಂದ್ರೆ ಮಕ್ಕಳು, ನಾವೂ ಅಷ್ಟೆ, ಉತ್ತರ ನೋಡಿದ ಮೇಲೆ "ನನಗೆ ಮೊದಲೇ ಗೊತ್ತಿತ್ತು" ಅಂತೀವಿ, ಸುಳ್ಳು ಹೇಳ್ತಿಲ್ಲ, ನಿಜವಾಗ್ಲೂ ಹಾಗೇ ಅನ್ಸತ್ತೆ. ಊಹೆ ಕಾಗದದ ಮೇಲಿದ್ರೆ ತಪ್ಪಿಸ್ಕೊಳ್ಳೋಕಾಗಲ್ಲ, ಭಾರದ ಗುಂಡು ಬೇಗ ಬರತ್ತೆ ಅಂತ ಬರೆದಿದ್ದು ಕಣ್ಮುಂದೆ ಇರತ್ತೆ, ಸ್ಕ್ರೀನ್ ಮೇಲೆ 0.5 ಕೆಜಿ ಗುಂಡೂ 1.5 ಕೆಜಿ ಗುಂಡೂ ಒಟ್ಟೊಟ್ಟಿಗೇ ತೂಗ್ತಿರತ್ತೆ, ಆಗ "ಅರೆ ಇದೇನು" ಅಂತ ಬರೋ ಉದ್ಗಾರ ಇದೆಯಲ್ಲ, ಕಲಿಕೆ ಶುರು ಆಗೋದು ಆ ಕ್ಷಣದಲ್ಲಿ.

ಎಚ್ಚರಿಕೆ: ತಪ್ಪು ಊಹೆಗೆ ಮಾರ್ಕ್ಸ್ ಕಳೀಬೇಡಿ, ನಗೋಕೂ ಬಿಡಬೇಡಿ. ಒಂದೇ ಸಲ ನಕ್ರೂ ಮುಂದಿನ ಸಲದಿಂದ ಎಲ್ಲರೂ ಕ್ಲಾಸಿನ ಜಾಣನ ಪೇಪರ್ ನೋಡಿ ಬರೀತಾರೆ.

ಹೆಜ್ಜೆ 4: ಐದು ನಿಮಿಷ ಸುಮ್ನೆ ಬಿಟ್ಟುಬಿಡಿ

ಊಹೆ ಬರೆದಾಯ್ತು, ಈಗ ಕೈಗೆ ಕೊಡಿ, ಏನೂ ಹೇಳಬೇಡಿ. ಯಾವ ಬಟನ್ ಏನು ಅಂತ ಪಾಠ ಮಾಡಬೇಡಿ, ಒಳ್ಳೇ ಸಿಮ್ಯುಲೇಶನ್‌ಗೆ ಅದು ಬೇಕಾಗೂ ಇಲ್ಲ. ಐದರಿಂದ ಹತ್ತು ನಿಮಿಷ ಹುಚ್ಚುಚ್ಚಾಗಿ ಆಡ್ಲಿ. ಈ ಟೈಮ್ ಕೊಡದೆ ನೇರ ಕೆಲಸಕ್ಕೆ ಹಚ್ಚಿದ್ರೆ ಆ ಆಟಾನ ಅವರು ನಿಮ್ಮ ಕೆಲಸದ ಮಧ್ಯೆ ಕದ್ದು ಆಡ್ತಾರೆ.

ಇಬ್ಬರು ಮೂವರ ಗುಂಪು ಮಾಡಿ, ಒಬ್ಬರು ಮೌಸ್, ಒಬ್ಬರು ಬರೆಯೋದು, ಐದು ನಿಮಿಷಕ್ಕೊಮ್ಮೆ ಅದಲು ಬದಲು. ಬದಲಾಯಿಸೋದು ನಿಮ್ಮ ಜವಾಬ್ದಾರಿ, ಮಕ್ಕಳಿಗೆ ಬಿಟ್ರೆ ಜೋರಿರೋ ಮಗುವಿನ ಕೈಲೇ ಮೌಸ್ ಉಳಿಯತ್ತೆ.

ಒಂದೇ ಕಂಪ್ಯೂಟರ್ ಇದ್ರೆ? ಅದೂ ನಡೆಯತ್ತೆ. 1971ರಲ್ಲಿ ಅಮೆರಿಕದ ಮಿನೆಸೋಟದಲ್ಲಿ ಮೂವರು ಟೀಚರ್ ಟ್ರೇನಿಗಳು ಇತಿಹಾಸದ ಪಾಠಕ್ಕೆ ಅಂತ ಒರೆಗನ್ ಟ್ರೈಲ್ ಅನ್ನೋ ಗೇಮ್ ಮಾಡಿದಾಗ ಸ್ಕ್ರೀನೇ ಇರ್ಲಿಲ್ಲ, ಟೈಪ್‌ರೈಟರ್ ಥರದ ಯಂತ್ರ ಪೇಪರ್ ಮೇಲೆ ಪ್ರಿಂಟ್ ಮಾಡ್ತಿತ್ತು, ಅದರ ಸುತ್ತ ಮಕ್ಕಳು ಗುಂಪಾಗಿ ಕೂತು ಆಡ್ತಿದ್ರು. ನೀವೂ ಪ್ರೊಜೆಕ್ಟರ್ ಹಾಕಿ, ಒಂದು ಮಗುವನ್ನ ಮೌಸ್ ಹತ್ರ ಕೂರಿಸಿ, ಏನು ಮಾಡ್ಬೇಕು ಅಂತ ಕ್ಲಾಸು ಕೈ ಎತ್ತಿ ತೀರ್ಮಾನಿಸ್ಲಿ. ಮೌಸ್ ಮಾತ್ರ ನೀವು ಹಿಡೀಬೇಡಿ. ನಾನು ಮೊದಲ ಸಲ ಮಾಡಿದ ತಪ್ಪೇ ಇದು, ನಲವತ್ತು ನಿಮಿಷ ನಾನೇ ಎಲ್ಲಾ ಒತ್ತಿ ಒತ್ತಿ ತೋರಿಸಿದೆ, ಮಕ್ಕಳು ಸಿನಿಮಾ ನೋಡಿದ ಹಾಗೆ ನೋಡಿ ಎದ್ದು ಹೋದ್ರು.

ಹೆಜ್ಜೆ 5: ಒಂದು ಸಲಕ್ಕೆ ಒಂದೇ ಸ್ಲೈಡರ್

ಈಗ ಕೆಲಸ. ನಿಯಮ ಒಂದೇ, ಒಂದನ್ನ ಬದಲಾಯಿಸುವಾಗ ಉಳಿದಿದ್ದೆಲ್ಲ ಹಾಗೇ ಇರ್ಬೇಕು. ದಾರದ ಉದ್ದ, ಭಾರ, ಗುರುತ್ವ ಮೂರನ್ನೂ ಒಟ್ಟಿಗೆ ಎಳೆದ್ರೆ ಯಾವುದರಿಂದ ಏನಾಯ್ತು ಅಂತ ದೇವರಿಗೂ ಗೊತ್ತಾಗಲ್ಲ. ಹೀಗೆ ಬದಲಾಯಿಸೋಕೆ ಬರೋ ಅಂಶಕ್ಕೆ ಪುಸ್ತಕದಲ್ಲಿ ಚರ ಅಂತಾರೆ, ಆ ಪದಾನ ಇಲ್ಲಿ ಹೇಳಿಕೊಡಿ, ಕೈಯಲ್ಲಿ ಎಳೆದ ಮೇಲೆ ಪದ ನೆನಪಲ್ಲಿ ಉಳಿಯತ್ತೆ.

ಲೋಲಕದಲ್ಲಿ ನಾನು ಮಾಡ್ಸೋದು ಹೀಗೆ. ದಾರ 0.25 ಮೀಟರ್ ಇಟ್ಟು ಟೈಮ್ ಅಳೀರಿ, ಸುಮಾರು 1 ಸೆಕೆಂಡ್ ಬರತ್ತೆ. 0.5 ಮೀಟರ್ ಮಾಡಿದ್ರೆ ಎಷ್ಟಾಗತ್ತೆ? ಎಲ್ಲರೂ 2 ಸೆಕೆಂಡ್ ಅಂತಾರೆ. ಬರೋದು 1.4. ದಾರ ಪೂರ್ತಿ 1 ಮೀಟರ್ ಆದಾಗ 2 ಸೆಕೆಂಡ್. ಅಂದ್ರೆ ಟೈಮ್ ಎರಡು ಪಟ್ಟಾಗೋಕೆ ದಾರ ನಾಲ್ಕು ಪಟ್ಟು ಆಗ್ಬೇಕಾಯ್ತು. ಇಲ್ಲಿ ವರ್ಗಮೂಲ ತಾನಾಗೇ ಬಂದು ಕೂತ್ಕೊಳ್ಳತ್ತೆ, ಸೂತ್ರ ನೀವು ಹೇಳ್ಬೇಕಾಗೇ ಇಲ್ಲ, ದೊಡ್ಡ ಕ್ಲಾಸಾದ್ರೆ ಮಕ್ಕಳೇ ಗ್ರಾಫ್ ಹಾಕ್ಲಿ. ಆಮೇಲೆ 1 ಮೀಟರ್ ದಾರಾನೇ ಇಟ್ಟು ಚಂದ್ರನಿಗೆ ಹಾಕಿ, ಸುಮಾರು 4.9 ಸೆಕೆಂಡ್, ನೋಡೋಕೇ ಸೋಮಾರಿ ಥರ ತೂಗತ್ತೆ. ಅದೇ ಸಿಮ್ಯುಲೇಶನ್‌ನಲ್ಲಿ ಪ್ಲಾನೆಟ್ ಎಕ್ಸ್ ಅಂತ ಗುರುತ್ವ ಹೇಳದೇ ಇರೋ ಗ್ರಹ ಒಂದಿದೆ, ಬೇಗ ಮುಗಿಸಿದ ಗುಂಪಿಗೆ "ಅದರ ಗುರುತ್ವ ಎಷ್ಟು ಕಂಡುಹಿಡೀರಿ" ಅಂದ್ರೆ ಸಾಕು, ಬೆಲ್ ಹೊಡೆದ್ರೂ ಏಳಲ್ಲ.

ವರ್ಕ್‌ಶೀಟ್ ಕೊಡೋದಾದ್ರೆ ಒಂದು ಮಾತು. "ಮೊದಲು ಇದನ್ನು ಒತ್ತಿ, ನಂತರ ಅದನ್ನು 0.7ಕ್ಕೆ ಇಡಿ, ಈಗ ಏನು ಕಾಣುತ್ತದೆ ಬರೆಯಿರಿ" ಅಂತ ಇಪ್ಪತ್ತು ಸಾಲು ಇದ್ರೆ ಮಕ್ಕಳು ಸಾಲು ತುಂಬ್ತಾರೆ, ಯೋಚ್ನೆ ಮಾಡಲ್ಲ. "ಲೋಲಕ ಸರಿಯಾಗಿ 1.5 ಸೆಕೆಂಡಿಗೆ ಒಂದು ಸಲ ಹೋಗಿ ಬರೋ ಹಾಗೆ ಮಾಡಿ, ಎರಡು ಬೇರೆ ಬೇರೆ ದಾರಿ ಹುಡುಕಿ" ಅನ್ನೋ ಒಂದೇ ಸಾಲಿನ ಸವಾಲು ಇದಕ್ಕಿಂತ ಎಷ್ಟೋ ಮೇಲು.

ನೂರು ಸಲ ಮಾಡಿ ನೋಡ್ಬೇಕಾದ್ದು ಅಂದೆನಲ್ಲ, ಅದಕ್ಕೆ ನನ್ನ ಅಚ್ಚುಮೆಚ್ಚಿನದು ನೆಟ್‌ಲೋಗೋದಲ್ಲಿರೋ ಕಾಡ್ಗಿಚ್ಚಿನ ಮಾದರಿ. ಒಂದೇ ಸ್ಲೈಡರ್, ಕಾಡಲ್ಲಿ ಮರ ಎಷ್ಟು ಪರ್ಸೆಂಟ್ ಒತ್ತಾಗಿದೆ ಅನ್ನೋದು. ಎಡ ಅಂಚಲ್ಲಿ ಬೆಂಕಿ ಹಚ್ಚಿದ್ರೆ ಬಲ ಅಂಚು ಮುಟ್ಟತ್ತಾ? ಮಕ್ಕಳ ಊಹೆ ಯಾವಾಗ್ಲೂ ನೇರ ಗೆರೆ, ಮರ ಸ್ವಲ್ಪ ಜಾಸ್ತಿ ಆದ್ರೆ ಸುಡೋದೂ ಸ್ವಲ್ಪ ಜಾಸ್ತಿ. 50ರಲ್ಲಿ ಇಟ್ರೆ ಬೆಂಕಿ ಒಂದಿಷ್ಟು ದೂರ ಹೋಗಿ ಆರತ್ತೆ. 55, ಇನ್ನೂ ಸ್ವಲ್ಪ ದೂರ. 65ಕ್ಕೆ ಇಟ್ಟು ನೋಡಿ, ಹೆಚ್ಚುಕಮ್ಮಿ ಇಡೀ ಕಾಡು ಖಾಲಿ. ಮಧ್ಯದಲ್ಲಿ ಎಲ್ಲೋ, ಸುಮಾರು 59ರ ಹತ್ರ, ಆಟ ದಿಢೀರಂತ ಬದಲಾಗತ್ತೆ. ಆ ಸಂಖ್ಯೆ ನೀವು ಹೇಳಬೇಡಿ, ಒಂದೊಂದು ಗುಂಪಿಗೆ ಒಂದೊಂದು ಬೆಲೆ ಕೊಟ್ಟು ಹತ್ತತ್ತು ಸಲ ಓಡ್ಸಿ, ಎಷ್ಟು ಸಲ ಬಲ ಅಂಚು ಮುಟ್ಟಿತು ಅಂತ ಬೋರ್ಡ್ ಮೇಲೆ ಬರೆಸಿ. ಒಂದೇ ಬೆಲೆಗೂ ಪ್ರತಿ ಸಲ ಬೇರೆ ಫಲಿತಾಂಶ ಬರತ್ತೆ, ಯಾಕಂದ್ರೆ ಮರಗಳ ಜಾಗ ಪ್ರತಿ ಸಲ ಹೊಸದು. "ಒಂದೇ ಸಲ ನೋಡಿ ತೀರ್ಮಾನ ಮಾಡಬಾರದು" ಅನ್ನೋದನ್ನ ಬಾಯಲ್ಲಿ ಎಷ್ಟು ಹೇಳಿದ್ರೂ ಹೋಗಲ್ಲ, ಇಲ್ಲಿ ಕಣ್ಣಿಂದಲೇ ಒಳಗೆ ಹೋಗತ್ತೆ.

ಹೆಜ್ಜೆ 6: ಗೇಮ್ ಆದ್ರೆ ಬೇರೆ ಲೆಕ್ಕ

ಇಲ್ಲೀವರೆಗೆ ಹೇಳಿದ್ದು ಹೆಚ್ಚಾಗಿ ಸಿಮ್ಯುಲೇಶನ್‌ಗೆ. ಗೇಮ್ ಆರಿಸುವಾಗ ಒಂದೇ ಪರೀಕ್ಷೆ ಮಾಡಿ: ಗೆಲ್ಲೋಕೆ ಮಗು ಮಾಡೋ ಕೆಲಸ ಮತ್ತು ನೀವು ಕಲಿಸ್ಬೇಕು ಅಂದ್ಕೊಂಡಿರೋದು ಎರಡೂ ಒಂದೇನಾ? ಲೆಕ್ಕ ಮಾಡಿದ್ರೆ ರಾಕ್ಷಸನಿಗೆ ಗುಂಡು ಹೊಡೆಯೋಕೆ ಬಿಡೋ ಗೇಮ್‌ನಲ್ಲಿ ಲೆಕ್ಕ ಬರೀ ಗೇಟಿನ ಟಿಕೆಟ್ಟು, ಮಜಾ ಇರೋದು ಗುಂಡು ಹೊಡೆಯೋದ್ರಲ್ಲಿ, ಮಗು ಕಲಿಯೋದೂ ಅದನ್ನೇ, ಬೇಗ ಬೇಗ ಅಂದಾಜು ಉತ್ತರ ಒತ್ತಿ ಗುಂಡಿಗೆ ಓಡೋದು. ಅದೇ 0 ಮತ್ತು 1ರ ಮಧ್ಯೆ ಒಂದು ಗೆರೆ, ಮುಕ್ಕಾಲು ಎಲ್ಲಿ ಬರತ್ತೆ ಅಂತ ಗುರಿ ಇಟ್ಟು ಹೊಡೀಬೇಕು, ತಪ್ಪಿದ್ರೆ ಎಷ್ಟು ದೂರ ಬಿತ್ತು ಅಂತ ಕಾಣತ್ತೆ ಅನ್ನೋ ಗೇಮ್ ಆದ್ರೆ ಆಟಾನೇ ಭಿನ್ನರಾಶಿ. ಇನ್ನೊಂದು, ತಪ್ಪಾದಾಗ ಬರೀ ಕೆಂಪು ಕ್ರಾಸ್ ಹಾಕೋ ಗೇಮ್ ಬೇಡ, ಏನು ತಪ್ಪಾಯ್ತು ಅಂತ ತೋರಿಸೋದು ಬೇಕು.

ಟೈಮರ್ ಇರೋ ಕ್ವಿಜ್ ಗೇಮ್‌ಗಳು ರಿವಿಷನ್‌ಗೆ ಸರಿ, ಹೊಸ ಪಾಠಕ್ಕೆ ಅಲ್ಲ. ವೇಗಕ್ಕೆ ಪಾಯಿಂಟ್ ಇದ್ರೆ ನಿಧಾನಕ್ಕೆ ಯೋಚ್ನೆ ಮಾಡೋ ಮಗು ಮೂರನೇ ಪ್ರಶ್ನೆಗೇ ಕೈಬಿಡತ್ತೆ. ಟೈಮರ್ ಆಫ್ ಮಾಡೋ ಸೆಟ್ಟಿಂಗ್ ಇದ್ರೆ ಆಫ್ ಮಾಡಿ. ಲೀಡರ್‌ಬೋರ್ಡ್, ಅಂದ್ರೆ ಯಾರು ಎಷ್ಟನೇ ಸ್ಥಾನ ಅಂತ ತೋರಿಸೋ ಪಟ್ಟಿ, ಅದನ್ನ ಹೆಸರಿಲ್ಲದೆ ಅಥವಾ ಗುಂಪಿನ ಹೆಸರಲ್ಲಿ ಇಡಿ, ಕೊನೇ ಹೆಸರು ಯಾವಾಗ್ಲೂ ಅದೇ ಮಗುದು ಆಗಿರತ್ತೆ ಅಂತ ನಿಮಗೂ ಗೊತ್ತು.

ಗೇಮ್‌ನಿಂದ ನಿಜಕ್ಕೂ ಉಪಯೋಗ ಇದೆಯಾ ಅಂತ ಕೇಳೋರಿಗೆ: 2013ರಲ್ಲಿ ವೌಟರ್ಸ್ ಅನ್ನೋ ಸಂಶೋಧಕರು ಮತ್ತು ಜೊತೆಯವರು ಅಷ್ಟರವರೆಗಿನ ತುಂಬಾ ಅಧ್ಯಯನಗಳನ್ನ ಒಟ್ಟು ಹಾಕಿ ನೋಡಿದ್ರು. ಮಾಮೂಲಿ ಪಾಠಕ್ಕಿಂತ ಗೇಮ್‌ನಿಂದ ಕಲಿಕೆ ಸ್ವಲ್ಪ ಜಾಸ್ತಿ, ನೆನಪಲ್ಲಿ ಉಳಿಯೋದೂ ಜಾಸ್ತಿ ಅಂತ ಬಂತು, ಆದ್ರೆ ಉತ್ಸಾಹ ಜಾಸ್ತಿ ಆಗತ್ತೆ ಅನ್ನೋದಕ್ಕೆ ಪುರಾವೆ ಸಿಗ್ಲಿಲ್ಲ. ನಾವೆಲ್ಲ ಗೇಮ್ ಹಾಕೋದೇ ಉತ್ಸಾಹಕ್ಕೆ ಅಂತ, ನೋಡಿ ತಮಾಷೆ! ಲಾಭ ಜಾಸ್ತಿ ಕಂಡಿದ್ದು ಗೇಮ್ ಜೊತೆ ಬೇರೆ ಪಾಠಾನೂ ಇದ್ದಾಗ, ಒಂದಕ್ಕಿಂತ ಹೆಚ್ಚು ಸಲ ಆಡಿದಾಗ, ಗುಂಪಲ್ಲಿ ಆಡಿದಾಗ. ಗೇಮ್ ಕೊಟ್ಟು ಟೀಚರ್ ಸ್ಟಾಫ್ ರೂಮಿಗೆ ಹೋಗಬಹುದು ಅಂತ ಅದರಲ್ಲೆಲ್ಲೂ ಇಲ್ಲ.

ಹೆಜ್ಜೆ 7: ಮುಚ್ಚಿ, ಮಾತಾಡಿಸಿ

ಪಿರಿಯಡ್ ಮುಗಿಯೋಕೆ ಹದಿನೈದು ನಿಮಿಷ ಇರುವಾಗಲೇ ಎಲ್ಲಾ ಸ್ಕ್ರೀನ್ ಮುಚ್ಚಿಸಿ. ಹದಿನೈದು ನಿಮಿಷ ಅಂದ್ರೆ ಹದಿನೈದು ನಿಮಿಷ, "ಇನ್ನೊಂದೇ ಸಲ ಸಾರ್" ಅಂತಾರೆ, ಬಿಡಬೇಡಿ. ಸ್ಕ್ರೀನ್ ತೆರೆದಿದ್ರೆ ನಿಮ್ಮ ಮಾತು ಯಾರಿಗೂ ಕೇಳಲ್ಲ.

ಮೊದಲು ಊಹೆಯ ಪೇಪರ್ ಆಚೆ ತೆಗೆಸಿ. ಎಲ್ಲಿ ಸರಿ ಬಂತು ಅಂತ ಕೇಳಬೇಡಿ, ಎಲ್ಲಿ ತಪ್ಪಿತು, ಯಾಕೆ ಹಾಗೆ ಅಂದ್ಕೊಂಡಿದ್ರಿ, ಈಗ ಏನನ್ಸತ್ತೆ ಅಂತ ಕೇಳಿ. ಗುಂಪುಗಳ ಅಳತೆ ಬೋರ್ಡ್ ಮೇಲೆ ಬರಲಿ. ಯಾವುದೋ ಒಂದು ಗುಂಪಿನ ಸಂಖ್ಯೆ ಬೇರೆ ಥರ ಇದ್ರೆ ಅದನ್ನ ಅಳಿಸಬೇಡಿ, ಏನಾಗಿರಬಹುದು ಅಂತ ಕ್ಲಾಸೇ ಪತ್ತೆ ಹಚ್ಚಲಿ, ಅರ್ಧಕ್ಕರ್ಧ ಸಲ ಯಾರೋ ಇನ್ನೊಂದು ಸ್ಲೈಡರ್ ಮುಟ್ಟಿರ್ತಾರೆ.

ಆಮೇಲೆ ಸಿಮ್ಯುಲೇಶನ್‌ನಲ್ಲಿ ಇಲ್ಲದ ಒಂದು ಪ್ರಶ್ನೆ ಕೇಳಿ. ಲೋಲಕದ ಗಡಿಯಾರ ನಿಧಾನ ಓಡ್ತಿದೆ, ಗುಂಡನ್ನ ಮೇಲೆ ಸರಿಸ್ಬೇಕಾ ಕೆಳಗಾ? ಮೇಲೆ, ಅಂದ್ರೆ ಉದ್ದ ಕಮ್ಮಿ ಮಾಡ್ಬೇಕು. ಇದಕ್ಕೆ ಕಾರಣ ಸಮೇತ ಉತ್ತರ ಬಂದ್ರೆ ಕಲಿತಿದಾರೆ ಅಂತ ಲೆಕ್ಕ. ಗೇಮ್‌ನ ಸ್ಕೋರನ್ನ ಮಾತ್ರ ದಯವಿಟ್ಟು ಮಾರ್ಕ್ಸ್ ಅಂತ ತಗೋಬೇಡಿ, ಸ್ಕೋರ್ ಹೇಳೋದು ಆ ಗೇಮ್ ಆಡೋಕೆ ಎಷ್ಟು ಚೆನ್ನಾಗಿ ಬರತ್ತೆ ಅನ್ನೋದನ್ನ.

ಹೆಜ್ಜೆ 8: ಸಿಮ್ಯುಲೇಶನ್ ಎಲ್ಲಿ ಸುಳ್ಳು ಹೇಳತ್ತೆ ಅಂತ ಹೇಳಿ

ಎಷ್ಟೇ ಒಳ್ಳೇ ಸಿಮ್ಯುಲೇಶನ್ ಆದ್ರೂ ಯಾರೋ ಕೂತು ಮಾಡಿದ ಮಾದರಿ, ಏನೋ ಬಿಟ್ಟಿರ್ತಾರೆ, ಏನೋ ದೊಡ್ಡದು ಮಾಡಿರ್ತಾರೆ. ಸರ್ಕ್ಯೂಟ್ ಕಿಟ್‌ನಲ್ಲಿ ಎಲೆಕ್ಟ್ರಾನ್‌ಗಳು ನೀಲಿ ಗೋಲಿಗಳ ಥರ ಸಾಲಾಗಿ ಹೋಗ್ತವೆ, ನಿಜದ ವೈರ್‌ನಲ್ಲಿ ಅವು ಎಣಿಕೆಗೆ ಸಿಗದಷ್ಟಿವೆ, ಸಾಮಾನ್ಯವಾಗಿ ಸೆಕೆಂಡಿಗೆ ಒಂದು ಮಿಲಿಮೀಟರ್ ಕೂಡ ಮುಂದೆ ಹೋಗಲ್ಲ. ಹಾಗಾದ್ರೆ ಸ್ವಿಚ್ ಹಾಕಿದ ತಕ್ಷಣ ಬಲ್ಬ್ ಹೇಗೆ ಹತ್ತತ್ತೆ ಅಂತ ಯಾವುದಾದ್ರೂ ಮಗು ಕೇಳೇ ಕೇಳತ್ತೆ. ಉತ್ತರ: ವೈರ್ ಪೂರ್ತಿ ಇರೋ ಎಲೆಕ್ಟ್ರಾನ್‌ಗಳೆಲ್ಲ ಹೆಚ್ಚುಕಮ್ಮಿ ಒಟ್ಟಿಗೇ ಹೊರಡೋದ್ರಿಂದ. ಪರಮಾಣು ತೋರಿಸುವಾಗ ಎಲೆಕ್ಟ್ರಾನ್‌ಗಳು ಗ್ರಹಗಳ ಥರ ಸುತ್ತೋ ಚಿತ್ರ ಇರತ್ತೆ, ಫೆಟ್‌ನದ್ದರಲ್ಲಿ ಮೋಡದ ಥರ ತೋರಿಸೋ ಆಯ್ಕೇನೂ ಇದೆ, ಎರಡನ್ನೂ ತೋರಿಸಿ, ಎರಡೂ ಫೋಟೋ ಅಲ್ಲ ಅಂತ ಹೇಳಿ. ಸೂರ್ಯ ಭೂಮಿ ಚಿತ್ರ ಅಂತೂ ಸ್ಕ್ರೀನ್‌ನಲ್ಲಿ ಸರಿಯಾದ ಅಳತೇಲಿ ಕೂರೋದೇ ಇಲ್ಲ, ಸೂರ್ಯನನ್ನ 10 ಸೆಂಟಿಮೀಟರ್ ಚೆಂಡು ಅಂದ್ಕೊಂಡ್ರೆ ಭೂಮಿ ಒಂದು ಮಿಲಿಮೀಟರ್‌ಗಿಂತ ಸಣ್ಣ ಕಾಳು, ಅದೂ ಸುಮಾರು 10.7 ಮೀಟರ್ ದೂರದಲ್ಲಿ.

ಕೆಲವು ಸಲ ಉಲ್ಟಾನೂ ಆಗತ್ತೆ. ಲೋಲಕವನ್ನ 90 ಡಿಗ್ರಿ ಎತ್ತಿ ಬಿಟ್ರೆ ಪುಸ್ತಕದ ಸೂತ್ರಕ್ಕಿಂತ ಸುಮಾರು 18 ಪರ್ಸೆಂಟ್ ಜಾಸ್ತಿ ಟೈಮ್ ಬರತ್ತೆ, ಮಕ್ಕಳು ಸಿಮ್ಯುಲೇಶನ್ ತಪ್ಪು ಅಂತಾರೆ. ತಪ್ಪಲ್ಲ, ಪುಸ್ತಕದ ಸರಳ ಸೂತ್ರ ಇರೋದೇ ಸಣ್ಣ ಕೋನಕ್ಕೆ, 15 ಡಿಗ್ರಿ ಒಳಗಿದ್ರೆ ವ್ಯತ್ಯಾಸ ಅರ್ಧ ಪರ್ಸೆಂಟೂ ಬರಲ್ಲ.

ಆದಾಗ್ಲೆಲ್ಲ ನಿಜವಾದ ಪ್ರಯೋಗಾನೂ ಜೊತೆಗೆ ಇಡಿ. ಸ್ಕ್ರೀನ್‌ನಲ್ಲಿ ಯಾವಾಗ್ಲೂ ನೀಟಾಗಿ ಸಂಖ್ಯೆ ಬರತ್ತೆ, ದಾರ ಕಲ್ಲು ಇಟ್ಟು ಮಾಡಿದಾಗ ಹೆಚ್ಚು ಕಮ್ಮಿ ಬರತ್ತೆ, ಆಗ "ನಮ್ಮ ಪ್ರಯೋಗ ತಪ್ಪು" ಅಂತ ಮಕ್ಕಳು ಅಂದ್ಕೊಳ್ಳೋದು ದೊಡ್ಡ ಅಪಾಯ. ಒಂದು ಸುತ್ತಿನ ಬದಲು ಹತ್ತು ಸುತ್ತು ಎಣಿಸಿ ಹತ್ತರಿಂದ ಭಾಗಿಸೋದನ್ನ ಹೇಳಿಕೊಡಿ, ಅಂತರ ಎಷ್ಟು ಕಮ್ಮಿ ಆಯ್ತು ಅಂತ ಅವರೇ ನೋಡ್ಲಿ. ಹಾಗಂತ ಸಿಮ್ಯುಲೇಶನ್ ಬರೀ ಎರಡನೇ ದರ್ಜೆ ಅಂತಲೂ ಅಲ್ಲ, 2005ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಸಿಮ್ಯುಲೇಶನ್‌ನಲ್ಲಿ ಸರ್ಕ್ಯೂಟ್ ಕಲಿತ ಕಾಲೇಜು ವಿದ್ಯಾರ್ಥಿಗಳು ನಿಜವಾದ ವೈರ್ ಬಲ್ಬ್ ಹಿಡಿದು ಕಲಿತವರಿಗಿಂತ ಪರೀಕ್ಷೇಲೂ, ನಿಜವಾದ ಸರ್ಕ್ಯೂಟ್ ಜೋಡಿಸೋದ್ರಲ್ಲೂ ಮುಂದಿದ್ರು. ಅಧ್ಯಯನ ಮಾಡಿದ್ದು ಫೆಟ್‌ನವರೇ ಅನ್ನೋದನ್ನ ಮನಸ್ಸಲ್ಲಿ ಇಟ್ಕೊಂಡೇ ಓದಿ.

ಹೆಜ್ಜೆ 9: ಮಕ್ಕಳೇ ಮಾಡೋ ಹಂತ

ಇದು ಎರಡು ಮೂರು ತಿಂಗಳಾದ ಮೇಲೆ, ಅವಸರ ಬೇಡ. ಸ್ಕ್ರ್ಯಾಚ್ 2007ರಲ್ಲಿ ಬಂದಿದ್ದು, ಕೋಡ್ ಟೈಪ್ ಮಾಡೋ ಬದಲು ಬಣ್ಣದ ತುಂಡುಗಳನ್ನ ಒಂದಕ್ಕೊಂದು ಸಿಕ್ಕಿಸೋದು, ನೆಟ್ ಇಲ್ದೆ ಓಡೋ ಆವೃತ್ತೀನೂ ಇದೆ. ಖಾಲಿ ಪುಟ ಕೊಟ್ಟು "ಗೇಮ್ ಮಾಡಿ" ಅಂದ್ರೆ ಅರ್ಧ ಕ್ಲಾಸ್ ಅದರಲ್ಲಿ ಮೊದಲೇ ಇರೋ ಬೆಕ್ಕಿನ ಬಣ್ಣ ಬದಲಾಯಿಸ್ತಾ ಕೂರತ್ತೆ. ನೀವು ಮಾಡಿದ ಒಂದು ಚಿಕ್ಕ ಗೇಮ್ ಕೊಡಿ, ಅದರಲ್ಲಿ ಬೇಕಂತಲೇ ಒಂದು ತಪ್ಪು ಇಡಿ, ಉದಾಹರಣೆಗೆ ಮೇಲಿಂದ ಬಿಟ್ಟ ಚೆಂಡು ವೇಗ ಹೆಚ್ಚದೆ ಒಂದೇ ವೇಗದಲ್ಲಿ ಬೀಳೋ ಹಾಗೆ, ಸರಿ ಮಾಡಿ ಅನ್ನಿ. ಅದನ್ನ ಸರಿ ಮಾಡ್ಬೇಕಂದ್ರೆ ವೇಗೋತ್ಕರ್ಷ ಏನು ಅಂತ ಅರ್ಥ ಆಗಿರ್ಲೇಬೇಕು.

ಕೊನೇಗೆ ಪದೇ ಪದೇ ಬರೋ ಸಣ್ಣ ಪ್ರಶ್ನೆಗಳು

ಪ್ರತಿ ಪಾಠಕ್ಕೂ ಮಾಡ್ಬೇಕಾ? ಬೇಡ. ಮೊದಲ ತಿಂಗಳು ಒಂದೇ ಒಂದು ಮಾಡಿ, ಅದನ್ನೇ ಎರಡು ಬೇರೆ ಕ್ಲಾಸಿಗೆ ಮಾಡಿ ನೋಡಿ, ಎರಡನೇ ಸಲ ನೀವೇ ಎಷ್ಟು ಸುಧಾರಿಸಿರ್ತೀರ ಅಂತ ಗೊತ್ತಾಗತ್ತೆ.

ಕೆಂಪು ಹಸಿರು ವ್ಯತ್ಯಾಸ ಕಾಣದ ಮಕ್ಕಳಿದ್ರೆ? ಬರೀ ಬಣ್ಣದ ಮೇಲೆ ನಡೆಯೋ ಗೇಮ್ ಬಿಟ್ಟುಬಿಡಿ, ಆಕಾರ ಅಥವಾ ಅಕ್ಷರಾನೂ ಇರೋದನ್ನ ಆರಿಸಿ. ಇಂಥ ಮಕ್ಕಳು ಎಷ್ಟೋ ಸಲ ಬಾಯಿಬಿಟ್ಟು ಹೇಳಲ್ಲ, ಅವರಿಗೇ ಗೊತ್ತಿರಲ್ಲ.

ಸ್ಕ್ರೀನ್ ಮೇಲಿನ ಭಾಷೆ ಅರ್ಥ ಆಗ್ದಿದ್ರೆ? ಕನ್ನಡದಲ್ಲಿದ್ರೆ ಅದನ್ನೇ ಹಾಕಿ, ಇಲ್ಲಾಂದ್ರೆ ಸ್ಕ್ರೀನಲ್ಲಿರೋ ಏಳೆಂಟು ಪದಗಳನ್ನ ಮೊದಲೇ ಬೋರ್ಡ್ ಮೇಲೆ ಬರೆದಿಡಿ, ಅಷ್ಟೇ ಸಾಕಾಗತ್ತೆ.

ಮಧ್ಯದಲ್ಲಿ ಕರೆಂಟ್ ಹೋದ್ರೆ? ಊಹೆ ಬರೆದ ಪೇಪರ್ ಕೈಯಲ್ಲಿದೆಯಲ್ಲ, ಹೆಜ್ಜೆ 7ಕ್ಕೆ ಹೋಗಿ ವಾದ ಮಾಡಿಸಿ, ಉತ್ತರ ನಾಳೆ ನೋಡೋಣ ಅನ್ನಿ. ಒಂದು ರಾತ್ರಿ ತಲೇಲಿ ಇಟ್ಕೊಂಡು ಬರ್ತಾರೆ, ಕೆಲವರು ಮನೇಲೇ ದಾರಕ್ಕೆ ಕಲ್ಲು ಕಟ್ಟಿ ನೋಡ್ಕೊಂಡೂ ಬರ್ತಾರೆ.

ಸ್ಕ್ರೀನ್ ಪೂರ್ತಿ ಗೋಜಲಾಗಿ ಏನೂ ಅರ್ಥ ಆಗ್ತಿಲ್ಲ ಅಂದ್ರೆ? ಫೆಟ್‌ನಲ್ಲಿ ಬಲಗಡೆ ಕೆಳಮೂಲೇಲಿ ಕಿತ್ತಳೆ ಬಣ್ಣದ ಗುಂಡು ಬಟನ್ ಇದೆ, ಒತ್ತಿದ್ರೆ ಎಲ್ಲಾ ಮೊದಲಿನ ಹಾಗೆ. ಅದನ್ನ ಎಲ್ಲಾ ಮಕ್ಕಳಿಗೂ ಮೊದಲೇ ತೋರಿಸಿಟ್ಟಿರಿ, ಇಲ್ದಿದ್ರೆ ಪಿರಿಯಡ್ ಪೂರ್ತಿ "ಮಿಸ್, ನಮ್ದು ಹಾಳಾಯ್ತು" ಅಂತ ಕರೀತಾನೇ ಇರ್ತಾರೆ.